ಸಾಕಿದ ಇರುವೆಗಳು ತಪ್ಪಿಸಿಕೊಂಡು ಮನೆ ತುಂಬಾ ಹರಡದ ಹಾಗೆ ನೋಡಿಕೊಳ್ಳುವುದು ಹೇಗೆ?

ರಾಣಿ ಇರುವೆ ಸಿಕ್ಕಿದೆ, ಟೆಸ್ಟ್ ಟ್ಯೂಬಿನಲ್ಲಿ ಮೊಟ್ಟೆಯನ್ನೂ ಇಟ್ಟಿದೆ, ಆದರೆ ಮುಂದೆ ನೂರಾರು ಆದಮೇಲೆ ಹೊರಗೆ ಬಂದರೆ ಏನು ಗತಿ ಅಂತ ಮನೆಯವರು ಹೆದರುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನು ಆರು ವರ್ಷದಿಂದ ಇರುವೆ ಸಾಕುತ್ತಿದ್ದೇನೆ. ನಿಮ್ಮ ಮನೆಯವರ ಹೆದರಿಕೆ ಸರಿಯಾದದ್ದೇ. ಅದನ್ನು ತಳ್ಳಿಹಾಕಬೇಡಿ. ಆದರೆ ನೀವು ಒಳ್ಳೆಯ ಸಮಯಕ್ಕೆ ಕೇಳಿದ್ದೀರಿ. ಮೊದಲ ಕೆಲವು ತಿಂಗಳು ಆ ಟ್ಯೂಬಿನಲ್ಲಿ ಇರುವುದು ಹತ್ತಿಪ್ಪತ್ತು ಇರುವೆ ಮಾತ್ರ. ಅಷ್ಟರೊಳಗೆ ನಿಮ್ಮ ಕೈ ಪಳಗಿರುತ್ತದೆ.

ಎಲ್ಲರೂ ಮೊದಲು ಕೇಳುವುದು ಡಬ್ಬಿಯ, ಅಂದರೆ ಗೂಡಿಗೆ ಜೋಡಿಸಿದ, ಇರುವೆಗಳು ಆಹಾರಕ್ಕೆ ಬಂದು ಓಡಾಡುವ ಪೆಟ್ಟಿಗೆಯ, ಅಂಚಿಗೆ ಅವು ಹತ್ತಿ ಬರದ ಹಾಗೆ ಏನು ಬಳಿಯಬೇಕು ಅಂತ. ಅದನ್ನೂ ಹೇಳುತ್ತೇನೆ. ಆದರೆ ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಗೂಡಿನಲ್ಲಿ ಏನೋ ಕೊರತೆ ಆದಾಗಲೇ ಇರುವೆಗಳು ಜಾಸ್ತಿ ಹೊರಗೆ ನುಗ್ಗುವುದು. ನೀರು ಆರಿರುತ್ತದೆ, ಗೂಡು ಕಾದಿರುತ್ತದೆ, ಬೂಸ್ಟು ಬಂದಿರುತ್ತದೆ, ಜಾಗ ಸಾಲುತ್ತಿರುವುದಿಲ್ಲ. ನೆಮ್ಮದಿಯಾಗಿರುವ ಗೂಡಿನಿಂದ ನಾಲ್ಕೈದು ಇರುವೆ ಆಹಾರ ಹುಡುಕಿಕೊಂಡು ಬರುತ್ತವೆ, ಹೋಗುತ್ತವೆ. ಸಂಕಟದಲ್ಲಿರುವ ಗೂಡಿನ ಇರುವೆಗಳು ಇಡೀ ದಿನ ಅಂಚನ್ನೇ ಪರೀಕ್ಷೆ ಮಾಡುತ್ತಿರುತ್ತವೆ. ನೀವು ಬಳಿದ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಸಾವಿರ ಸಲ ಹತ್ತಿದರೆ ಒಂದಲ್ಲ ಒಂದು ಕಡೆ ದಾರಿ ಸಿಕ್ಕೇ ಸಿಗುತ್ತದೆ.

ಇದನ್ನು ನಾನು ಕಲಿತದ್ದು ಎರಡನೇ ವರ್ಷದಲ್ಲಿ. ಒಂದು ವಾರ ಬಿಡದೆ ಮಳೆ ಹಿಡಿದಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಪಾಟಿನಿಂದ ಗೋಡೆ ಇಳಿದು, ನೆಲ ಒರೆಸುವ ಒದ್ದೆ ಬಟ್ಟೆಯವರೆಗೆ ಇರುವೆ ಸಾಲು. ಅಂಚಿಗೆ ಬಳಿದಿದ್ದ ಪೌಡರ್ ಪಟ್ಟಿ ತೇವ ಹೀರಿಕೊಂಡು ಒಂದು ಮೂಲೆಯಲ್ಲಿ ಬಿಳಿ ಹೆಪ್ಪಾಗಿತ್ತು. ತಪ್ಪು ಪಟ್ಟಿಯದ್ದೇ ಅಂದುಕೊಂಡೆ. ಆಮೇಲೆ ಗೂಡನ್ನು ತಿರುಗಿಸಿ ನೋಡಿದಾಗ ಅದರ ನೀರಿನ ತೊಟ್ಟಿ ಪೂರ್ತಿ ಒಣಗಿತ್ತು. ಹೊರಗೆ ಅಷ್ಟು ಮಳೆ, ಒಳಗೆ ಹನಿ ನೀರಿಲ್ಲ. ಆ ಸಾಲು ಸಕ್ಕರೆ ಡಬ್ಬಿಯ ಕಡೆ ಹೋಗಿರಲಿಲ್ಲ ನೋಡಿ, ನೇರವಾಗಿ ಒದ್ದೆ ಬಟ್ಟೆಗೆ ಹೋಗಿತ್ತು. ಅವು ಕೇಳುತ್ತಿದ್ದುದು ನೀರು. ನನಗೆ ಆ ದಿನ ತುಂಬಾ ಬೇಜಾರಾಯಿತು. ಅವತ್ತಿನಿಂದ ನೀರಿನ ಮಟ್ಟ ನೋಡದೆ ನಾನು ಮಲಗುವುದಿಲ್ಲ.

ಈಗ ಅಂಚಿನ ವಿಷಯ. ಗಾಜು ನುಣುಪಾಗಿದೆ, ಅದನ್ನು ಹತ್ತಲಾರವು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಆರಾಮಾಗಿ ಹತ್ತುತ್ತವೆ. ಇರುವೆಯ ಪ್ರತಿ ಪಾದದಲ್ಲೂ ಎರಡು ಕೊಕ್ಕೆಯಂಥ ಉಗುರು, ಅವುಗಳ ನಡುವೆ ಒಂದು ಮೆತ್ತನೆಯ ಅಂಟುಮೆತ್ತೆ ಇರುತ್ತದೆ. ಒರಟಾದ ಕಡೆ ಉಗುರು ಹಿಡಿಯುತ್ತದೆ, ನುಣುಪಾದ ಕಡೆ ಮೆತ್ತೆ ಅಂಟಿಕೊಳ್ಳುತ್ತದೆ. ಹಾಗಾಗಿ ನಾವು ಆ ಮೆತ್ತೆ ಅಂಟದ ಹಾಗೆ ಮಾಡಬೇಕು.

ಅದಕ್ಕೆ ಸಾಕುವವರು ಜಾಸ್ತಿ ನೆಚ್ಚಿಕೊಳ್ಳುವುದು ಫ್ಲುವಾನ್. ನಾನ್‌ಸ್ಟಿಕ್ ಬಾಣಲೆಗೆ ಬಳಿಯುವ ವಸ್ತುವನ್ನೇ ಸಣ್ಣ ಕಣಗಳಾಗಿ ನೀರಿನಲ್ಲಿ ಬೆರೆಸಿದ ಹಾಲಿನಂಥ ದ್ರವ ಅದು. ಡಬ್ಬಿಯ ಒಳಗೋಡೆಯ ಮೇಲ್ಭಾಗದಲ್ಲಿ ನಾಲ್ಕೈದು ಸೆಂಟಿಮೀಟರ್ ಅಗಲಕ್ಕೆ ತೆಳ್ಳಗೆ, ಒಂದೇ ದಿಕ್ಕಿನಲ್ಲಿ ಎಳೆದು, ಚೆನ್ನಾಗಿ ಒಣಗಲು ಬಿಡಬೇಕು. ಒಂದು ಸಂಜೆ ಭೂತಗನ್ನಡಿ ಹಿಡಿದು ಕೂತು ನೋಡಿ. ಇರುವೆ ಗಾಜಿನ ಮೇಲೆ ನೆಟ್ಟಗೆ ಹತ್ತಿ ಬರುತ್ತದೆ. ಪಟ್ಟಿಯ ಅಂಚಿಗೆ ಬಂದಾಗ ಮುಂಗಾಲನ್ನು ಮೇಲಿಡುತ್ತದೆ. ಕಾಲು ಜಾರುತ್ತದೆ. ಇನ್ನೊಂದು ಕಾಲಿಡುತ್ತದೆ, ಅದೂ ಜಾರುತ್ತದೆ. ಪಟ್ಟು ಬಿಡದೆ ಇನ್ನೂ ಮುಂದೆ ಹೋದರೆ ಪಟ್ಟಂತ ಕೆಳಗೆ ಬೀಳುತ್ತದೆ. ಪೆಟ್ಟೇನೂ ಆಗುವುದಿಲ್ಲ, ಅದರ ತೂಕ ಎಷ್ಟು ಮಹಾ! ಬಿದ್ದಲ್ಲೇ ಕೂತು ಮೀಸೆಗಳನ್ನು ಒಂದೊಂದಾಗಿ ಮುಂಗಾಲಿನ ಸಂದಿಗೆ ಸಿಕ್ಕಿಸಿ ಎಳೆದು ಸ್ವಚ್ಛ ಮಾಡಿಕೊಳ್ಳುತ್ತದೆ. ಆ ಸಂದಿಯಲ್ಲಿ ಬಾಚಣಿಗೆಯಂಥ ಕೂದಲಿರುತ್ತದೆ. ನಾನು ಇದನ್ನು ಎಷ್ಟು ಸಲ ನೋಡಿದರೂ ಸಾಕು ಅನ್ನಿಸಿಲ್ಲ.

ಫ್ಲುವಾನ್ ಸಿಗದಿದ್ದರೆ ಟಾಲ್ಕಂ ಪೌಡರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕಲಸಿ, ಹಾಲಿನ ಹದಕ್ಕೆ ತಂದು ಹತ್ತಿಯಿಂದ ಬಳಿಯಬಹುದು. ಆಲ್ಕೋಹಾಲ್ ಹಾರಿಹೋಗಿ ಗೋಡೆಗೆ ಪುಡಿಯ ತೆಳು ಪದರ ಉಳಿಯುತ್ತದೆ. ಇರುವೆ ಕಾಲಿಟ್ಟರೆ ಆ ಪುಡಿ ಪಾದಕ್ಕೆ ಮೆತ್ತಿಕೊಂಡು ಕಳಚಿ ಬರುತ್ತದೆ, ಹಿಡಿತ ತಪ್ಪುತ್ತದೆ. ಇದನ್ನು ಇರುವೆ ಇಲ್ಲದ ಖಾಲಿ ಡಬ್ಬಿಗೆ ಮಾತ್ರ ಬಳಿಯಿರಿ, ಯಾಕೆಂದರೆ ಆಲ್ಕೋಹಾಲ್ ಆವಿ ಅವುಗಳನ್ನು ಕೊಲ್ಲುತ್ತದೆ. ಬೆಂಕಿಯ ಹತ್ತಿರ ಬೇಡ. ಕಿಟಕಿ ತೆರೆದಿಡಿ, ಪುಡಿ ನಿಮ್ಮ ಮೂಗಿಗೂ ಹೋಗಬಾರದು. ಪೌಡರ್ ಆಗಲಿ ಫ್ಲುವಾನ್ ಆಗಲಿ ತೇವಕ್ಕೆ ಸೋಲುತ್ತವೆ, ಬೆರಳು ತಾಗಿದ ಕಡೆ ಅಳಿಸಿಹೋಗುತ್ತವೆ. ತೇವ ಜಾಸ್ತಿ ಇರುವ ಡಬ್ಬಿಗೆ ಪ್ಯಾರಾಫಿನ್ ಎಣ್ಣೆಯ ತೀರಾ ತೆಳು ಲೇಪ ವಾಸಿ. ಅಡುಗೆ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗುತ್ತದೆ. ವ್ಯಾಸಲಿನ್ ನನಗೆ ಇಷ್ಟವಿಲ್ಲ. ಸಣ್ಣ ಇರುವೆಗಳು ಅದರಲ್ಲಿ ಸಿಕ್ಕಿಹಾಕಿಕೊಂಡು ಸಾಯುತ್ತವೆ, ಮೇಲೆ ಧೂಳು ಕೂತರೆ ಉಳಿದವು ಅದರ ಮೇಲೇ ನಡೆದು ಬರುತ್ತವೆ.

ಏನೇ ಬಳಿದರೂ ಮುಚ್ಚಳ ಬೇಕೇ ಬೇಕು. ಗಾಳಿಗೆ ತೂತು ಕೊರೆದರೆ ಅದಕ್ಕೆ ಸ್ಟೀಲಿನ ಸಣ್ಣ ಜಾಲರಿ ಹಾಕಿ. ಜಾಲರಿಯ ಕಣ್ಣು ನಿಮ್ಮ ಗೂಡಿನ ಅತಿ ಚಿಕ್ಕ ಇರುವೆಯ ತಲೆಗಿಂತ ಕಿರಿದಾಗಿರಬೇಕು. ತಲೆ ತೂರಿದರೆ ಮೈಯೂ ತೂರಿದ ಹಾಗೆಯೇ. ನೆನಪಿಡಿ, ಮೊದಲ ಸಲ ಹುಟ್ಟುವ ಕೆಲಸಗಾರ ಇರುವೆಗಳು ಆಮೇಲೆ ಹುಟ್ಟುವವುಗಳಿಗಿಂತ ಚಿಕ್ಕವು. ಗೂಡನ್ನೂ ಡಬ್ಬಿಯನ್ನೂ ಸೇರಿಸುವ ಪ್ಲಾಸ್ಟಿಕ್ ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ತೂರಿಸಿದರೆ ಬಿಗಿಯಾಗಿ ಕೂರುತ್ತದೆ. ಇರುವೆ ಬಿಡುವ ಮುಂಚೆ ಕೋಣೆ ಕತ್ತಲೆ ಮಾಡಿ ಡಬ್ಬಿಯೊಳಗೆ ಟಾರ್ಚ್ ಇಡಿ. ಯಾವ ಸಂದಿಯಿಂದ ಬೆಳಕು ಸೋರುತ್ತದೋ ಇರುವೆಯೂ ಅಲ್ಲಿಂದಲೇ ಬರುತ್ತದೆ.

ಇಷ್ಟಾದ ಮೇಲೆ ಪೂರ್ತಿ ಗೂಡನ್ನು ಅಗಲವಾದ ತಟ್ಟೆಯಲ್ಲಿ, ನೀರಿನ ಮಧ್ಯೆ ಎತ್ತರಿಸಿ ಇಡಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದರೆ ಅವು ಮೇಲ್ಮೈ ಮೇಲೆ ತೇಲಿಕೊಂಡು ದಾಟಲಾರವು. ವೈರು, ಪರದೆ, ಗೋಡೆ ಯಾವುದೂ ತಾಗಬಾರದು. ಒಂದೇ ಒಂದು ದಾರ ನೇತಾಡಿದರೂ ಅದು ಸೇತುವೆ.

ನಿಜ ಹೇಳಬೇಕೆಂದರೆ, ನನ್ನಲ್ಲಿ ಇರುವೆ ಹೊರಗೆ ಬಂದದ್ದು ಬಹುಪಾಲು ನಾನೇ ಮುಚ್ಚಳ ತೆಗೆದಾಗ. ಮುಚ್ಚಳದ ಕೆಳಗೆ ಯಾವಾಗಲೂ ಎರಡು ಮೂರು ಅಂಟಿಕೊಂಡಿರುತ್ತವೆ. ತೆಗೆಯುವ ಮುಂಚೆ ಮೆಲ್ಲಗೆ ತಟ್ಟಿ, ಬೀಳಲಿ. ಆಮೇಲೆ ತೆಗೆದು ಬಿಳಿ ತಟ್ಟೆಯ ಮೇಲೆ ಮಗುಚಿ ಇಡಿ, ಬಿಳಿಯ ಮೇಲೆ ಓಡಿದರೆ ಕಾಣುತ್ತದೆ. ಚಿಮಟ ಹಾಕಿದರೆ ಅದರ ಮೇಲೆ ಹತ್ತಿ ಕೈಗೆ ಬರುತ್ತವೆ. ಪಕ್ಕದಲ್ಲಿ ಮೆತ್ತನೆಯ ಬಣ್ಣದ ಕುಂಚ ಇಟ್ಟುಕೊಳ್ಳಿ, ಅದರಿಂದ ಸವರಿ ಒಳಗೆ ಬಿಡಬಹುದು. ಅವಸರ ಇದ್ದ ದಿನ ಊಟ ಹಾಕಬೇಡಿ. ಒಂದು ದಿನ ತಡವಾದರೆ ಅವು ಸಾಯುವುದಿಲ್ಲ. ಹಾಕಿದ ಹುಳು ಮಿಕ್ಕಿದ್ದರೆ ಮಾರನೇ ದಿನ ತೆಗೆಯಿರಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಯಾವ ಜಾತಿ ಅನ್ನುವುದೂ ತುಂಬಾ ಮುಖ್ಯ, ನೀವು ಅದನ್ನು ಬರೆದಿಲ್ಲ. ದೊಡ್ಡ ಕರಿ ಗೊದ್ದ, ಅಂದರೆ ಕ್ಯಾಂಪನೋಟಸ್ ಗುಂಪಿನದಾದರೆ ಒಳ್ಳೆಯದಾಯಿತು. ಮೈ ದೊಡ್ಡದು, ಗೂಡು ನಿಧಾನವಾಗಿ ಬೆಳೆಯುತ್ತದೆ, ಕುಟುಕುವ ಕೊಂಡಿ ಇಲ್ಲ. ಮರ, ಬಿರಡೆ, ಫೋಮ್ ಕೊರೆಯುತ್ತವೆ, ಅಷ್ಟೇ. ಅದಕ್ಕೆ ಗಾಜು ಇಲ್ಲವೇ ಅಕ್ರಿಲಿಕ್ ಗೂಡು ಸಾಕು. ಆದರೆ ಫೇರೋ ಇರುವೆಯಂಥವನ್ನು ದಯವಿಟ್ಟು ಸಾಕಬೇಡಿ. ಅದು ಎರಡು ಮಿಲಿಮೀಟರ್ ಉದ್ದದ ಹಳದಿ ಇರುವೆ, ಒಂದೇ ಗೂಡಿನಲ್ಲಿ ಎಷ್ಟೋ ರಾಣಿಗಳಿರುತ್ತವೆ. ಗಾಬರಿಯಾದರೆ ಗೂಡೇ ಒಡೆದು ಹಲವಾಗುತ್ತದೆ. ಬೇರೆ ನಾಡಿನ ಇರುವೆಯನ್ನೂ ತರಿಸಬೇಡಿ. ದಕ್ಷಿಣ ಅಮೆರಿಕದ ಬೆಂಕಿ ಇರುವೆ 1930ರ ದಶಕದಲ್ಲಿ ಅಮೆರಿಕದ ಮೊಬೈಲ್ ಎಂಬ ಬಂದರಿನ ಮೂಲಕ ಒಳಗೆ ಬಂತು. ಇವತ್ತಿಗೂ ಅಲ್ಲಿನವರಿಗೆ ಅದನ್ನು ಹೊರಹಾಕಲು ಆಗಿಲ್ಲ.

ಇಷ್ಟೆಲ್ಲಾ ಮಾಡಿಯೂ ಕೆಲವು ಹೊರಗೆ ಬಂದರೆ? ಮನೆಯವರಿಗೆ ಇದನ್ನು ಹೇಳಿ: ಒಂದೇ ರಾಣಿ ಇರುವ ಜಾತಿಯಲ್ಲಿ, ರಾಣಿ ಒಳಗಿರುವವರೆಗೆ ಹೊರಬಂದ ಕೆಲಸಗಾರ ಇರುವೆಗಳು ಮನೆಯಲ್ಲಿ ಹೊಸ ಗೂಡು ಕಟ್ಟಲಾರವು. ದಾರಿ ತಪ್ಪಿದವು ಕೆಲವು ದಿನದಲ್ಲಿ ಸಾಯುತ್ತವೆ, ಅದೇ ನನಗೆ ನೋವು. ಇರುವೆ ಕೊಲ್ಲುವ ಸ್ಪ್ರೇ ಮಾತ್ರ ಆ ಕೋಣೆಯಲ್ಲಿ ಹೊಡೆಯಬೇಡಿ, ಗೂಡಿನಲ್ಲಿರುವವೂ ಸತ್ತಾವು. ಸಾಲನ್ನು ಹಿಂಬಾಲಿಸಿ ಸಂದಿ ಎಲ್ಲಿದೆ ಅಂತ ಮೊದಲು ಹುಡುಕಿ, ಮುಚ್ಚಿ. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಸಾಲಿನ ದಾರಿಯಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಸುತ್ತ ಕೂಡುತ್ತವೆ, ಹತ್ತಿಯ ಸಮೇತ ಎತ್ತಿ ಒಳಗೆ ಬಿಡಿ. ಆಮೇಲೆ ಆ ದಾರಿಯನ್ನು ಸೋಪು ನೀರಿನಲ್ಲಿ ಒರೆಸಿ, ವಾಸನೆಯ ಗುರುತು ಅಳಿಸುತ್ತದೆ. ಕೊನೆಗೆ ಗೂಡನ್ನು ನೋಡಿ: ನೀರಿದೆಯಾ, ಬಿಸಿಲು ಬೀಳುತ್ತಿದೆಯಾ, ಜಾಗ ಸಾಲುತ್ತಿದೆಯಾ.

ಇನ್ನೊಂದು ವಿಷಯ, ಅದು ಬರಲು ನಿಮಗೆ ಕೆಲವು ವರ್ಷ ಬೇಕು. ಗೂಡು ಬಲಿತ ಮೇಲೆ ರೆಕ್ಕೆಯ ಇರುವೆಗಳು ಹುಟ್ಟುತ್ತವೆ, ಹೊಸ ರಾಣಿಯರು ಮತ್ತು ಗಂಡುಗಳು. ಅವಕ್ಕೆ ಫ್ಲುವಾನ್ ಲೆಕ್ಕಕ್ಕೇ ಇಲ್ಲ, ಹಾರಿಹೋಗುತ್ತವೆ. ಆಗ ಮುಚ್ಚಳವೊಂದೇ ತಡೆ. ರೆಕ್ಕೆಯ ಮೊದಲ ಇರುವೆ ಕಂಡ ದಿನದಿಂದ ಮುಚ್ಚಳ ತೆಗೆಯದೆ, ಡಬ್ಬಿಯ ಪಕ್ಕದ ಸಣ್ಣ ತೂತಿನಿಂದಲೇ ಆಹಾರ ಹಾಕಿ. ಸಾಕಲು ಆಗದ ಸ್ಥಿತಿ ಬಂದರೆ ಎಲ್ಲೋ ಒಂದು ಕಡೆ ಬಿಟ್ಟು ಬರಬೇಡಿ. ಸಾಕುವ ಇನ್ನೊಬ್ಬರಿಗೆ ಕೊಡಿ, ಇಲ್ಲವೇ ಹಿಡಿದ ಊರಿನದೇ ಜಾತಿ ಅಂತ ಖಾತ್ರಿ ಇದ್ದರೆ ಮಾತ್ರ ಹಿಡಿದ ಜಾಗದಲ್ಲೇ ಬಿಡಿ. ಲ್ಯಾಸಿಯಸ್ ನೈಜರ್ ಎಂಬ ಕರಿ ಇರುವೆಯ ಒಂದು ರಾಣಿ ಸಾಕಿದವರ ಬಳಿ 28 ವರ್ಷಕ್ಕೂ ಹೆಚ್ಚು ಬದುಕಿದ ದಾಖಲೆ ಇದೆ, ಆದ್ದರಿಂದ ಈ ಮಾತನ್ನು ಈಗಲೇ ಮನೆಯವರ ಜೊತೆ ಕೂತು ಆಡಿ. ರಾಣಿಯ ಫೋಟೋ ಒಂದು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಯಾವ ಗುಂಪಿನದು ಅಂತ ನೋಡಿ ಜಾಲರಿ ಎಷ್ಟು ಸಣ್ಣದಿರಬೇಕು ಅಂತ ಹೇಳುತ್ತೇನೆ.