ಮುಗಿಯದೇ ಇರುವುದರಲ್ಲಿ ದೊಡ್ಡದು ಚಿಕ್ಕದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: 1, 2, 3 ಎಣಿಸುತ್ತಾ ಹೋದರೆ ಮುಗಿಯುವುದಿಲ್ಲ. 0 ಮತ್ತು 1ರ ನಡುವಿನ ದಶಮಾಂಶಗಳೂ ಮುಗಿಯುವುದಿಲ್ಲ. ಎರಡೂ ಅನಂತವೇ ಆದ ಮೇಲೆ ಒಂದು ದೊಡ್ಡದು ಅನ್ನುವುದು ಸುಮ್ನೆ ಮಾತಿನ ಆಟ ಅಲ್ವಾ? ಜೊತೆಗೆ, ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತಾ?

ಮಾತಿನ ಆಟ ಅಲ್ಲ. ನಾನು ಶಿಡ್ಲಘಟ್ಟದಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಅವರೂ ಇದನ್ನೇ ಕೇಳುತ್ತಿರುತ್ತಾರೆ. ತಮಾಷೆ ಏನೆಂದರೆ, ಉತ್ತರಕ್ಕೆ ಬೇಕಾದದ್ದು ಅವರ ಪುಸ್ತಕದಲ್ಲೇ ಇದೆ. ಸೆಕೆಂಡ್ ಪಿಯುಸಿಯ ಮೊದಲ ಪಾಠ ರಿಲೇಷನ್ಸ್ ಅಂಡ್ ಫಂಕ್ಷನ್ಸ್. ಅದರಲ್ಲಿ ಒನ್-ಒನ್ (ಎರಡಕ್ಕೆ ಒಂದೇ ಜೋಡಿ ಬರಬಾರದು), ಆನ್‌ಟು (ಆ ಕಡೆ ಯಾವುದೂ ಜೋಡಿಯಿಲ್ಲದೆ ಉಳಿಯಬಾರದು) ಅಂತ ಸಾಬೀತು ಮಾಡಿ, ಅಂಕ ತೆಗೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಅದು ಯಾತಕ್ಕೆ ಅಂತ ಯಾರೂ ಹೇಳಿಕೊಡುವುದಿಲ್ಲ. ಅನಂತಗಳನ್ನು ಅಳೆಯುವುದು ಅದರಿಂದಲೇ.

ಎರಡು ಗುಂಪು ಸಮವೋ ಅಲ್ಲವೋ ನೋಡಲು ಎಣಿಸಲೇಬೇಕು ಅಂತೇನಿಲ್ಲ. ಇಲ್ಲಿಂದ ಒಂದು, ಅಲ್ಲಿಂದ ಒಂದು ಜೋಡಿ ಮಾಡುತ್ತಾ ಹೋಗಿ. ಎರಡೂ ಕಡೆ ಏನೂ ಮಿಗದಂತೆ ಜೋಡಿಸಲು ಆದರೆ ಸಮ. 1ಕ್ಕೆ 1, 2ಕ್ಕೆ 4, 3ಕ್ಕೆ 9 ಅಂತ ಪ್ರತಿ ಸಂಖ್ಯೆಗೂ ಅದರ ವರ್ಗವನ್ನು ಜೋಡಿಸಬಹುದು ಅನ್ನುವುದನ್ನು ಗೆಲಿಲಿಯೋ 1638ರಲ್ಲೇ ಬರೆದಿದ್ದ. ಆದರೆ ಅನಂತಕ್ಕೆ ಜಾಸ್ತಿ, ಕಡಿಮೆ, ಸಮ ಅನ್ನುವ ಮಾತೇ ಹೊಂದುವುದಿಲ್ಲ ಅಂತ ಕೈಬಿಟ್ಟ. ಜರ್ಮನಿಯ ಗಿಯೋರ್ಗ್ ಕ್ಯಾಂಟರ್ ಕೈಬಿಡಲಿಲ್ಲ. ಜೋಡಿ ಆದರೆ ಸಮ, ಅಷ್ಟೇ ಅಂದ.

ಹಾಗೆ ನೋಡಿದರೆ ಪೂರ್ಣಾಂಕಗಳು ಸ್ವಾಭಾವಿಕ ಸಂಖ್ಯೆಗಳಷ್ಟೇ (1, 2, 3…) ಇವೆ. 0, 1, −1, 2, −2 ಅಂತ ಸಾಲು ಹಚ್ಚಿದರೆ ಆಯಿತು, ಸಾಲಿನ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2 ಅಂತ ಜೋಡಿ ಸಿಗುತ್ತದೆ. ಭಿನ್ನರಾಶಿಗಳು? ಯಾವ ಎರಡರ ನಡುವೆಯೂ ಲೆಕ್ಕವಿಲ್ಲದಷ್ಟು ಸಿಗುತ್ತವೆ. ಆದರೂ ಸಾಲು ಹಚ್ಚಬಹುದು. ಅಂಶ ಮತ್ತು ಛೇದ ಕೂಡಿ ಎಷ್ಟಾಗುತ್ತದೆ ನೋಡಿ. ಮೊತ್ತ 2 ಆದರೆ 1/1. ಮೊತ್ತ 3 ಆದರೆ 1/2, 2/1. ಮೊತ್ತ 4 ಆದರೆ 1/3, 3/1 (2/2 ಆಗಲೇ ಬಂದಿದೆ, ಬಿಡಿ). ಒಂದೊಂದು ಮೊತ್ತದಲ್ಲೂ ಮಿತವಾದಷ್ಟೇ ಇರುವುದರಿಂದ ಎಲ್ಲದಕ್ಕೂ ಸರದಿ ಬಂದೇ ಬರುತ್ತದೆ. 22/7ಕ್ಕೆ ಮೊತ್ತ 29ರಲ್ಲಿ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. "ದಶಮಾಂಶಗಳ ನಡುವೆ ಇನ್ನೊಂದು, ಮತ್ತೊಂದು ಸಿಗುತ್ತಲೇ ಇರುತ್ತದೆ, ಅದಕ್ಕೇ ಅವು ಜಾಸ್ತಿ" ಅಂತ ಹೇಳುವವರು ತುಂಬಾ ಜನ ಇದ್ದಾರೆ. ಅದು ಕಾರಣವೇ ಅಲ್ಲ. ಭಿನ್ನರಾಶಿಗಳಿಗೂ ಆ ಗುಣ ಇದೆ, ಆದರೂ ಅವು ಸಾಲಿಗೆ ಬಂದುಬಿಟ್ಟವು.

ನಿಜವಾದ ಕಾರಣ ಕ್ಯಾಂಟರ್ 1891ರಲ್ಲಿ ಕೊಟ್ಟದ್ದು. (1874ರಲ್ಲೇ ಬೇರೆ ರೀತಿ ಸಾಧಿಸಿದ್ದ, ಇದು ಸುಲಭ.) 0 ಮತ್ತು 1ರ ನಡುವಿನ ವಾಸ್ತವ ಸಂಖ್ಯೆಗಳನ್ನೆಲ್ಲ (ಅಂದರೆ ಮುಗಿಯುವ, ಮುಗಿಯದ ಎಲ್ಲ ದಶಮಾಂಶಗಳನ್ನೂ) ಪಟ್ಟಿ ಮಾಡಿದ್ದೀನಿ ಅಂತ ನೀವು ತಂದುಕೊಡಿ. ಉದಾಹರಣೆಗೆ,

0.314…
0.750…
0.255…

ಹೀಗೆ ಕೆಳಕ್ಕೆ. ನಾನು ಓರೆಯಾಗಿ ಇಳಿಯುತ್ತೇನೆ. ಮೊದಲನೆಯದರ ಮೊದಲ ಅಂಕಿ 3, ಎರಡನೆಯದರ ಎರಡನೇ ಅಂಕಿ 5, ಮೂರನೆಯದರ ಮೂರನೇ ಅಂಕಿ 5. ಅಲ್ಲಿ 5 ಇದ್ದರೆ 6 ಬರೆಯುತ್ತೇನೆ, ಬೇರೆ ಏನಿದ್ದರೂ 5. ನನಗೆ ಸಿಕ್ಕಿದ್ದು 0.566… ಇದು ನಿಮ್ಮ ಪಟ್ಟಿಯ ನೂರನೆಯ ಸಂಖ್ಯೆ ಇರಬಹುದಾ? ಇಲ್ಲ, ನೂರನೇ ಅಂಕಿ ಹೊಂದುವುದಿಲ್ಲ. ಲಕ್ಷದ್ದೂ ಅಲ್ಲ, ಲಕ್ಷದ ಅಂಕಿ ಹೊಂದುವುದಿಲ್ಲ. ಪಟ್ಟಿಯಲ್ಲಿ ಎಲ್ಲೂ ಇಲ್ಲ.

"ಅದನ್ನೂ ಸೇರಿಸಿಕೊಂಡರಾಯಿತು" ಅನ್ನುತ್ತಾರೆ. ಸೇರಿಸಿ. ಅದು ಹೊಸ ಪಟ್ಟಿ, ಮತ್ತೆ ಓರೆಯಾಗಿ ಇಳಿದರೆ ಇನ್ನೊಂದು ತಪ್ಪಿಹೋಗಿರುತ್ತದೆ. ವಾದ ಒಂದು ಪಟ್ಟಿಯ ಮೇಲಲ್ಲ. ನೀವು ಯಾವ ಪಟ್ಟಿ ತಂದರೂ ಅದು ಪೂರ್ತಿ ಇರುವುದಿಲ್ಲ ಅನ್ನುವುದು ವಾದ. ಟ್ಯೂಷನ್ನಿನ ಹುಡುಗಿಯೊಬ್ಬಳು ಇದಕ್ಕಿಂತ ಒಳ್ಳೆಯ ಪ್ರಶ್ನೆ ಹಾಕಿದಳು: "ಸಾರ್, ಇದೇ ಉಪಾಯ ಭಿನ್ನರಾಶಿಗಳ ಪಟ್ಟಿಗೆ ಮಾಡಿದರೆ ಅವೂ ಜಾಸ್ತಿ ಅಂತ ಆಗಲ್ವಾ?" ಮಾಡಿ ನೋಡಿ. ಹೊಸ ಸಂಖ್ಯೆ ಬರುತ್ತದೆ, ಪಟ್ಟಿಯಲ್ಲಿ ಇರುವುದೂ ಇಲ್ಲ. ಆದರೆ ಅದು ಭಿನ್ನರಾಶಿಯೇ ಅಲ್ಲ. ಪಟ್ಟಿಯಲ್ಲಿ ಭಿನ್ನರಾಶಿಗಳೆಲ್ಲ ಇದ್ದ ಮೇಲೆ, ಹೊರಗೆ ಉಳಿದದ್ದು ಅಭಾಗಲಬ್ಧವೇ (ಭಿನ್ನರಾಶಿಯಾಗಿ ಬರೆಯಲಾಗದ ಸಂಖ್ಯೆ) ಆಗಬೇಕು. ಸ್ವಾಭಾವಿಕ ಸಂಖ್ಯೆಗಳಿಗೆ ಬಲದಿಂದ ಎಡಕ್ಕೆ ಹೀಗೇ ಮಾಡಿದರೆ ಅಂಕಿಗಳು ಮುಗಿಯುವುದೇ ಇಲ್ಲ, ಅಂಥದ್ದು ಸ್ವಾಭಾವಿಕ ಸಂಖ್ಯೆಯೂ ಅಲ್ಲ.

ನಮ್ಮೂರಿನ ಲೆಕ್ಕದಲ್ಲಿ ಹೇಳಲಾ? ಗೂಡಿನ ಮಾರುಕಟ್ಟೆಗೆ ಮುಗಿಯದಷ್ಟು ರೇಷ್ಮೆ ಗೂಡು ಬರಲಿ, ಒಂದು, ಎರಡು ಅಂತ ನಂಬರ್ ಹಾಕುತ್ತಾ ಹೋಗಬಹುದು. ಆದರೆ ಒಂದೇ ಗೂಡಿನಿಂದ ಬಿಚ್ಚಿದ ಎಳೆಯಲ್ಲಿ ಒಂದು ಗೇಣು ಕತ್ತರಿಸಿ, ಅದರ ಮೇಲಿನ ಬಿಂದುಗಳಿಗೆಲ್ಲ ನಂಬರ್ ಹಾಕಲು ಆಗುವುದಿಲ್ಲ. (ಗಣಿತದ ಎಳೆ, ಮತ್ತೆ. ನಿಜವಾದ ರೇಷ್ಮೆ ಅಣುಗಳಿಂದ ಆದದ್ದು.) ಹಾಗಂತ ನೂರಾರು ಮೀಟರ್ ಉದ್ದದ ಇಡೀ ಎಳೆಯಲ್ಲಿ ಗೇಣಿಗಿಂತ ಜಾಸ್ತಿ ಬಿಂದು ಇಲ್ಲ. ಗೇಣನ್ನು ಎಳೆದು ಹಿಗ್ಗಿಸಿದಂತೆ ಪ್ರತಿ ಬಿಂದುವಿಗೂ ಜೋಡಿ ಸಿಗುತ್ತದೆ.

ಇನ್ನೂ ವಿಚಿತ್ರ ಇದೆ. ಚೌಕದ ಒಳಗಿನ ಬಿಂದುಗಳೂ ಅದರ ಒಂದು ಬದಿಯ ಮೇಲಿನ ಬಿಂದುಗಳೂ ಸಮ. ಇದನ್ನು 1877ರಲ್ಲಿ ಸಾಧಿಸಿದ ಕ್ಯಾಂಟರ್ ಗೆಳೆಯ ಡೆಡೆಕಿಂಡ್‌ಗೆ ಪತ್ರ ಬರೆದು, ನನಗೆ ಕಾಣುತ್ತಿದೆ, ಆದರೆ ನಂಬಲಾಗುತ್ತಿಲ್ಲ ಅಂದಿದ್ದ. ಹಾಗಾಗಿ ಸಂಕೀರ್ಣ ಸಂಖ್ಯೆಗಳಿಗೆ (ಇವನ್ನು ಸಮತಲದ ಬಿಂದುಗಳಾಗಿ ಗುರುತಿಸುತ್ತೇವೆ) ಹೋದರೂ ಗಾತ್ರ ಹೆಚ್ಚುವುದಿಲ್ಲ. ಶಾಲೆಯಲ್ಲಿ ಕಲಿತ ಸಂಖ್ಯೆಗಳ ಮೆಟ್ಟಿಲಲ್ಲಿ ನೆಗೆತ ಒಂದೇ ಕಡೆ: ಭಾಗಲಬ್ಧದಿಂದ (ಅಂದರೆ ಭಿನ್ನರಾಶಿಗಳಿಂದ) ವಾಸ್ತವಕ್ಕೆ. ಅದರಾಚೆಗೆ ಬೇಕೆಂದರೆ ಉಪಗಣಗಳನ್ನು ತೆಗೆದುಕೊಳ್ಳಬೇಕು. ಗಣ ಅಂದರೆ ಗುಂಪು; ಅದರಿಂದ ಕೆಲವನ್ನು, ಎಲ್ಲವನ್ನೂ, ಅಥವಾ ಏನನ್ನೂ ಆರಿಸದೆ ಮಾಡುವ ಗುಂಪು ಉಪಗಣ. 3 ವಸ್ತುಗಳಿಗೆ 8 ಉಪಗಣ ಇದ್ದಂತೆ, ಅನಂತ ಗಣದ ಉಪಗಣಗಳೂ ಆ ಗಣಕ್ಕಿಂತ ಜಾಸ್ತಿ. ಹಾಗಾಗಿ ಎಲ್ಲಕ್ಕಿಂತ ದೊಡ್ಡ ಅನಂತ ಅಂತ ಒಂದಿಲ್ಲ.

ಸ್ವಾಭಾವಿಕಕ್ಕೂ ವಾಸ್ತವಕ್ಕೂ ಮಧ್ಯೆ ಇನ್ನೊಂದು ಗಾತ್ರ ಇದೆಯಾ? 1900ರಲ್ಲಿ ಜರ್ಮನಿಯ ಗಣಿತಜ್ಞ ಹಿಲ್ಬರ್ಟ್ ಬಿಡಿಸಬೇಕಾದ ಸಮಸ್ಯೆಗಳ ತನ್ನ ಪಟ್ಟಿಯಲ್ಲಿ ಇಟ್ಟ ಮೊದಲ ಪ್ರಶ್ನೆ ಇದು. ಇದೆ ಅಂತ ಸಾಧಿಸಲು ಗಣಿತದ ಈಗಿನ ಮೂಲತತ್ವಗಳಿಂದ (ಸಾಧಿಸದೇ ಒಪ್ಪಿಕೊಂಡ ನಿಯಮಗಳಿಂದ) ಆಗುವುದಿಲ್ಲ ಅನ್ನುವುದು ತರ್ಕಶಾಸ್ತ್ರಜ್ಞ ಗೋಡೆಲ್‌ನ ಕೆಲಸದಿಂದ ತಿಳಿಯಿತು. ಇಲ್ಲ ಅಂತ ಸಾಧಿಸಲೂ ಆಗುವುದಿಲ್ಲ ಅಂತ 1963ರಲ್ಲಿ ಪಾಲ್ ಕೋಹೆನ್ ತೋರಿಸಿದ.

ಇನ್ನು ನಮ್ಮವರ ವಿಷಯ. ಜೈನ ಗ್ರಂಥಗಳು ಸಂಖ್ಯಾತ, ಅಸಂಖ್ಯಾತ, ಅನಂತ ಅಂತ ಬೇರೆಬೇರೆ ಮಾಡಿವೆ. ಅನಂತದಲ್ಲೂ ಒಂದು ದಿಕ್ಕಿನದು, ಎರಡು ದಿಕ್ಕಿನದು, ವಿಸ್ತಾರದಲ್ಲಿ ಅನಂತವಾದದ್ದು ಅಂತ ಬಗೆಗಳಿವೆ. ಅನಂತ ಒಂದೇ ಬಗೆಯದಲ್ಲ ಅಂತ ಅಷ್ಟು ಹಿಂದೆಯೇ ಹೊಳೆದದ್ದು ಸಣ್ಣ ಮಾತಲ್ಲ. ಆದರೆ ಕ್ಯಾಂಟರ್‌ನ ಜೋಡಿ ಲೆಕ್ಕದಲ್ಲಿ ಒಂದೇ ಕಡೆ ಮುಗಿಯದ ಗೆರೆ, ಎರಡೂ ಕಡೆ ಮುಗಿಯದ ಗೆರೆ, ಇಡೀ ಬಯಲು, ಮೂರೂ ಸಮ. ಅವರ ವಿಂಗಡಣೆಯೇ ಬೇರೆ, ಇದೇ ಬೇರೆ.