ಎತ್ತಿಕೊಳ್ಳುವ ಮೊದಲು ಅವಳಿಗೆ ಹೇಳಿ

ಪತ್ರ: ನನ್ನ ಮೂರು ವರ್ಷದ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಕಣ್ಣೂ ಸರಿಯಾಗಿ ಕಾಣುವುದಿಲ್ಲ. ಎತ್ತಿಕೊಳ್ಳಲು ಹೋದರೆ ಬೆಚ್ಚಿ ಕಿರುಚುತ್ತಾಳೆ. 'ಅವಳಿಗೆ ಏನೂ ತಿಳಿಯಲ್ಲ, ಊರಿಗೆ ಕಳಿಸಿಬಿಡು' ಅನ್ನುತ್ತಾರೆ ಅತ್ತೆ. ಅವಳ ಹತ್ತಿರ ಮಾತಾಡುವುದು ಹೇಗೆ?
- ಒಬ್ಬ ತಾಯಿ, ಡೊಂಬಿವಿಲಿ

ಉತ್ತರ: ಅಮ್ಮಾ, ಏನೂ ತಿಳಿಯದ ಮಗು ಬೆಚ್ಚುವುದಿಲ್ಲ. ಎಲ್ಲಿಂದಲೋ ಎರಡು ಕೈ ಬಂದು, ಹೇಳದೆ ಕೇಳದೆ ಮೇಲೆತ್ತಿದರೆ ನಾವೂ ಕಿರುಚುತ್ತೇವೆ, ಅಲ್ವಾ?

ಹಾಗಾಗಿ ಮೊದಲು ಹೇಳಿ. ಹೆಗಲು ಮುಟ್ಟಿ ಸ್ವಲ್ಪ ತಡೆಯಿರಿ. ಆಮೇಲೆ ಅವಳ ಕೈಗೆ ನಿಮ್ಮ ಬಳೆ ಸಿಗುವ ಹಾಗೆ ಕೈ ಕೊಡಿ. ಬಳೆ ಅಂದರೆ ಅಮ್ಮ. ದಿನವೂ ಅದೇ ಬಳೆ ಹಾಕಿಕೊಳ್ಳಿ. ಅಪ್ಪನಿಗೆ ವಾಚು ಇರಲಿ. ಸ್ನಾನಕ್ಕೆ ಮುಂಚೆ ಚೆಂಬು, ಊಟಕ್ಕೆ ಮುಂಚೆ ಚಮಚ, ಹೊರಗೆ ಹೊರಡುವ ಮುಂಚೆ ಚಪ್ಪಲಿ ಮುಟ್ಟಿಸಿ. ಇವತ್ತು ಒಂದು, ನಾಳೆ ಇನ್ನೊಂದು ಮಾಡಿದರೆ ಅವಳಿಗೆ ಗೊಂದಲ. ಮನೆಯವರೆಲ್ಲ ಒಂದೇ ರೀತಿ ಮಾಡಬೇಕು.

ಅವಳ ಕೈ ಹಿಡಿದೆಳೆದು ಏನನ್ನೂ ಮಾಡಿಸಬೇಡಿ. ಚಪಾತಿ ಹಿಟ್ಟು ನಾದುವಾಗ ನಿಮ್ಮ ಕೈ ಕೆಳಗೆ, ಅವಳ ಕೈ ಮೇಲೆ. ಬೇಡವಾದಾಗ ಅವಳು ಕೈ ತೆಗೆದುಬಿಡಬಹುದು. ಜಗತ್ತೆಲ್ಲ ಆ ಕೈಗಳಿಂದಲೇ ಅವಳಿಗೆ ಸಿಗಬೇಕು. ಅವನ್ನು ಯಾರೋ ಗಟ್ಟಿಯಾಗಿ ಹಿಡಿದರೆ ಮುಟ್ಟಿ ನೋಡುವ ಆಸೆಯೇ ಹೋಗಿಬಿಡುತ್ತದೆ.

ಇನ್ನು ಕಾಯುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ತೊಡೆಯ ಮೇಲೆ ಕೂರಿಸಿ ತೂಗಿ, ನಡುವೆ ನಿಲ್ಲಿಸಿ ಸುಮ್ನೆ ಇರಿ. ಅವಳು ಕಾಲು ಅಲುಗಿಸಬಹುದು, ನಿಮ್ಮ ಎದೆ ತಟ್ಟಬಹುದು. 'ಇನ್ನೂ ಬೇಕು' ಅಂತ ಅದರರ್ಥ. ತಕ್ಷಣ ಮತ್ತೆ ತೂಗಿ. ತಾನು ಹೇಳಿದರೆ ಅಮ್ಮನಿಗೆ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಾಗುವುದು ಹೀಗೆ.

ಕಣ್ಣು ಕಾಣದೆ, ಕಿವಿ ಕೇಳದೆಯೂ ಓದಿ ಲೇಖಕಿಯಾಗಿ ಹೆಸರಾದ ಹೆಲೆನ್ ಕೆಲ್ಲರ್ ಕಥೆ ಹೇಳುವವರು ನಿಮಗೆ ಬಹಳ ಜನ ಸಿಕ್ಕಿರಬೇಕು. ಅವರಿಗೆ 19 ತಿಂಗಳವರೆಗೆ ಕಣ್ಣು ಕಿವಿ ಎರಡೂ ಚೆನ್ನಾಗಿದ್ದವು. ಹುಟ್ಟಿನಿಂದ ಹೀಗಿರುವ ಮಗುವನ್ನು ಅವರ ಜೊತೆ ಅಳೆಯುವುದು ನ್ಯಾಯವಲ್ಲ.

ಇಂಥ ಮಕ್ಕಳಲ್ಲಿ ಹೆಚ್ಚಿನವರಿಗೆ ಅಷ್ಟಿಷ್ಟು ದೃಷ್ಟಿಯೋ ಶ್ರವಣವೋ ಉಳಿದಿರುತ್ತದೆ. ಅದೆಷ್ಟು ಎಂದು ಪರೀಕ್ಷೆ ಮಾಡಿಸಿ. ಕಿವಿಯ ಪರೀಕ್ಷೆಗೆ ಮುಂಬೈಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಣ್ಣು-ಕಿವಿ ಎರಡರ ತೊಂದರೆಯೂ ಸೇರಿದ ಸ್ಥಿತಿಗೆ ಹೆಸರು ಹಿಡಿದೇ ಜಾಗವಿದೆ. ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಎರಡೂ ಬರುವಂತೆ ಪಟ್ಟು ಹಿಡಿದು ಕೇಳಿ.

ನಿಮ್ಮ ಸೆಂಟ್ರಲ್ ರೈಲು ಲೈನಿನಲ್ಲೇ, ಬೈಕಲಾದಲ್ಲಿ, ಹೆಲೆನ್ ಕೆಲ್ಲರ್ ಸಂಸ್ಥೆಯ ಶಾಲೆಯಿದೆ. ಬೆರೋಜ್ ವಾಚಾ ಅವರು 1977ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಇಂಥ ಮಕ್ಕಳಿಗೆ ಕಲಿಸುವುದೇ ಅಲ್ಲಿನವರ ಕೆಲಸ. ಊರಿಗೆ ಕಳಿಸುವ ಮಾತಿಗೆ ಈಗಲೇ ಒಪ್ಪಬೇಡಿ. ನಿಮ್ಮ ಬಳೆಯ ಗುರುತು ಅವಳಿಗೆ ಸಿಗಬೇಕಾದ ಹೊತ್ತು ಇದು. ಬೈಕಲಾಕ್ಕೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅವರು ನಿಮ್ಮ ಮಾತು ನಂಬುವುದಕ್ಕಿಂತ ಅಲ್ಲಿನ ಮಕ್ಕಳನ್ನು ಕಣ್ಣಾರೆ ನೋಡುವುದು ಒಳ್ಳೆಯದು.
- ಸಂಪಾದಕ