ಮಷಿನ್ ನಿಲ್ಲಿಸದೆ ರ‍್ಯಾಮ್ ಸ್ಲಾಟ್ ನೋಡಲು

ಉಬುಂಟು ಸರ್ವರ್‌ನಲ್ಲಿ 16 ಜಿಬಿ ರ‍್ಯಾಮ್ ಇರಬೇಕು, ಮೆಮೊರಿ ಲೆಕ್ಕ ಕೊಡುವ 'ಫ್ರೀ -ಎಚ್' ಕಮಾಂಡ್ 15.4 ತೋರಿಸುತ್ತಿದೆ, ಸ್ಲಾಟ್ ಖಾಲಿ ಇದೆಯೇ ಅಂತ ಮಷಿನ್ ಆಫ್ ಮಾಡದೆ ನೋಡುವುದು ಹೇಗೆ ಎಂದು ಕೇಳಿದ್ದೀರಿ.

ಆ ಅರ್ಧ ಜಿಬಿಗೆ ತಲೆ ಕೆಡಿಸಿಕೊಳ್ಳಬೇಡಿ. 'ಫ್ರೀ' ಹೇಳುವುದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಳಸಬಹುದಾದ ಮೆಮೊರಿಯನ್ನು ಮಾತ್ರ. ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್), ಕರ್ನಲ್‌ನ ಸ್ವಂತ ಕೋಡ್, ಬೋರ್ಡ್‌ನಲ್ಲೇ ಇರುವ ಗ್ರಾಫಿಕ್ಸ್ ತಮ್ಮ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿರುತ್ತವೆ.

ಸ್ಲಾಟ್ ನೋಡಲು 'ಸುಡೊ ಡಿಎಂಐಡಿಕೋಡ್ -ಟಿ 17' ಕಮಾಂಡ್ ಕೊಡಿ, ಎಲ್ಲವೂ ಸಣ್ಣಕ್ಷರದಲ್ಲಿ. ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸುವುದು, ಅದನ್ನು ಬಿಟ್ಟರೆ ಅನುಮತಿ ಇಲ್ಲವೆಂಬ ಎರರ್ ಬರುತ್ತದೆ. ಪ್ರತಿ ಸ್ಲಾಟಿಗೂ ಒಂದೊಂದು 'ಮೆಮೊರಿ ಡಿವೈಸ್' ಭಾಗ ಇರುತ್ತದೆ. ಅದರ 'ಸೈಜ್' ಎದುರು 'ನೋ ಮಾಡ್ಯೂಲ್ ಇನ್‌ಸ್ಟಾಲ್ಡ್' ಎಂದಿದ್ದರೆ ಆ ಸ್ಲಾಟ್ ಖಾಲಿ. ಯಾವ ಸ್ಲಾಟ್ ಎಂಬುದು 'ಲೊಕೇಟರ್' ಸಾಲಿನಲ್ಲಿದೆ. 'ಸ್ಪೀಡ್' ಎಂದರೆ ರ‍್ಯಾಮ್ ಸ್ಟಿಕ್ಕಿನ ಗರಿಷ್ಠ ವೇಗ, 'ಕಾನ್ಫಿಗರ್ಡ್ ಮೆಮೊರಿ ಸ್ಪೀಡ್' ಈಗ ನಿಜಕ್ಕೂ ಓಡುತ್ತಿರುವ ವೇಗ. ಹೊಸ ಸ್ಟಿಕ್ ಕೊಳ್ಳುವ ಮೊದಲು ಇವೆರಡನ್ನೂ ರ‍್ಯಾಮ್‌ನ ಪೀಳಿಗೆ ಹೇಳುವ 'ಟೈಪ್' ಸಾಲನ್ನೂ ಬರೆದುಕೊಳ್ಳಿ, ಏಕೆಂದರೆ ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದೇ ಇಲ್ಲ.

17ರ ಬದಲು 16 ಕೊಟ್ಟರೆ ಬೋರ್ಡ್ ಒಟ್ಟು ಎಷ್ಟು ರ‍್ಯಾಮ್ ತಡೆದುಕೊಳ್ಳುತ್ತದೆ ಎಂದು ಬರುತ್ತದೆ. ಅದನ್ನು ಪೂರ್ತಿ ನಂಬಬೇಡಿ. ಬಯಾಸ್ (ಬೋರ್ಡ್‌ನ ಫರ್ಮ್‌ವೇರ್) ಬರೆದಿಟ್ಟದ್ದನ್ನೇ ಇದು ಓದುವುದು, ಅಲ್ಲಿ ತಪ್ಪಿರುವುದುಂಟು. ಬೋರ್ಡ್‌ನ ಮ್ಯಾನ್ಯುಯಲ್ ಕೂಡ ನೋಡಿ. ವರ್ಚುವಲ್ ಮಷಿನ್ ಆಗಿದ್ದರಂತೂ ಕಾಣುವ ಸ್ಲಾಟ್‌ಗಳೆಲ್ಲ ಕಲ್ಪಿತ, ಅದನ್ನು ಓಡಿಸುತ್ತಿರುವ ನಿಜವಾದ ಮಷಿನ್ ಆದ ಹೋಸ್ಟ್‌ನಲ್ಲೇ ಪರೀಕ್ಷಿಸಬೇಕು.

ಎರಡು ಸ್ಟಿಕ್ ಇಲ್ಲಿ ಕಂಡೂ 'ಫ್ರೀ' ಅರ್ಧವನ್ನೇ ತೋರಿಸಿದರೆ ಬೂಟ್ ಆಗುವಾಗ ಕರ್ನಲ್‌ಗೆ ಕೊಟ್ಟ ಆಯ್ಕೆಗಳಿರುವ '/ಪ್ರೊಕ್/ಸಿಎಂಡಿಲೈನ್' ಫೈಲ್ ತೆರೆದು ನೋಡಿ. ಯಾರೋ 'ಮೆಮ್=8ಜಿ' ಎಂದು ಮಿತಿ ಹಾಕಿರಬಹುದು.